ಗಾಳಿಯ ಸುಂಕ

ನಮ್ಮ ಪಶ್ಚಿಮ ತಾಲ್ಲೂಕುಗಳಲ್ಲಿ, ಎಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ವಾಯುವು ಪಂಚಭೂತಗಳಲ್ಲಿ ಒಂದೆಂಬುದನ್ನು ಶಾಸ್ತ್ರಮುಖದಿಂದ ತಿಳಿಸಿಕೊಡಬೇಕಾದ ಅಗತ್ಯವಿಲ್ಲ. ಆಷಾಢದ ಒಂದು ಮಧ್ಯಾಹ್ನ, ಅಂಗಳದಲ್ಲಿ ಒಣಹಾಕಿದ್ದ ಪಂಚೆಯನ್ನು ಹುಡುಕುತ್ತ ಮೂರು ಮನೆಗಳಾಚೆಯ ಬೇವಿನ ಮರದವರೆಗೆ ಒಮ್ಮೆ ನಡೆದು ಬಂದನೆಂದರೆ ಆ ಪಾಠ ಅವನಿಗೆ ಆಯುಷ್ಯವಿಡೀ ಮರೆಯುವುದಿಲ್ಲ. ಮುಂಗಾರಿನ ಮೋಡಗಳು ಪಡುವಣ ಕಡಲಿನಿಂದ ಹೊರಟು, ಮಲೆನಾಡಿನಲ್ಲಿ ತಮ್ಮ ಸಿರಿಯನ್ನೆಲ್ಲ ಸುರಿದು, ನಮ್ಮಲ್ಲಿಗೆ ತಲಪುವ ವೇಳೆಗೆ ಬರಿಗೈಯಾಗಿರುತ್ತವೆ. ಅವುಗಳನ್ನು ಹೊತ್ತು ತಂದ ಗಾಳಿ ಮಾತ್ರ, ಧಣಿಯು ದಾನಮಾಡಿ ದಿವಾಳಿಯಾದ ಮೇಲೂ ದರ್ಪ ಬಿಡದ ಪರಿವಾರದಂತೆ, ಕೆಮ್ಮಣ್ಣನ್ನೆಬ್ಬಿಸಿ, ಹುಣಸೆಯ ಮರಗಳನ್ನು ಒಂದೇ ದಿಕ್ಕಿಗೆ ಬಾಗಿಸಿ, ಊರೂರು ಸುತ್ತುತ್ತದೆ. ಹರಪನಹಳ್ಳಿ 1997ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ದಾವಣಗೆರೆಗೆ ಹೋಯಿತು, ಎರಡು ದಶಕಗಳ ಮೇಲೆ ಮರಳಿ ಬಂದಿತು. 2021ರಲ್ಲಿ ಐದು ತಾಲ್ಲೂಕುಗಳೂ ಹೊಸಪೇಟೆಯೊಡನೆ ಕೂಡಿ ವಿಜಯನಗರ ಜಿಲ್ಲೆಯೆನಿಸಿದುವು. ಈ ಗಡಿಗಳಾವುವನ್ನೂ ಲೆಕ್ಕಿಸದೆ ಗಾಳಿ ಹಿಂದಿನಂತೆಯೇ ಬೀಸುತ್ತಿದೆ. ಈಚಿನ ವರ್ಷಗಳಲ್ಲಿ ಗುಡ್ಡಗಳ ನೆತ್ತಿಯ ಮೇಲೆ ಮೂರು ರೆಕ್ಕೆಯ ಬಿಳಿಯ ಯಂತ್ರಗಳು ನಿಂತು ಅದರಿಂದ ವಿದ್ಯುತ್ತನ್ನು ಕಡೆಯುತ್ತಿವೆ. ಗಾಳಿಯಿಂದ ಲಾಭ ಪಡೆಯುವವರು ಹೀಗೆ ಗುಡ್ಡದ ಮೇಲಿದ್ದರೆ, ಅದಕ್ಕೆ ಸುಂಕ ತೆರುವವರು ಕೆಳಗೆ ರಸ್ತೆಯ ಮೇಲಿದ್ದಾರೆಂಬುದು ನನಗೆ ತಿಳಿದದ್ದು, ಕೊಟ್ಟೂರಿನಲ್ಲಿರುವ ನನ್ನ ಸೋದರಳಿಯ ಒಂದು ಪಿಕಪ್ ಗಾಡಿಯನ್ನು ಕೊಂಡ ಮೇಲೆ.

ಅದು ಸೆಕೆಂಡ್ ಹ್ಯಾಂಡ್ ಗಾಡಿ. ಬಣ್ಣ ಒಂದು ಕಾಲಕ್ಕೆ ಬಿಳಿಯದು. 2005ರಲ್ಲಿ ಟಾಟಾ ಏಸ್ ಬಂದು, ಜನರ ಬಾಯಲ್ಲಿ 'ಛೋಟಾ ಹಾಥಿ'ಯಾಗಿ, ಅದರ ಹಿಂದೆ ಅದಕ್ಕಿಂತ ದೊಡ್ಡ ಮೈಯ ಪಿಕಪ್ಪುಗಳು ಬಂದು, ನಮ್ಮ ಓಣಿಯ ಎತ್ತಿನ ಬಂಡಿಗಳು ಒಂದೊಂದಾಗಿ ನೊಗ ಕಳಚಿ ಗೋಡೆಗೊರಗಿದುವಷ್ಟೆ. ಆ ಸಂತತಿಯದೇ ಇದೂ ಒಂದು. ಸೋದರಳಿಯ ಅದರಲ್ಲಿ ಸಾಗಿಸುತ್ತಿದ್ದುದು ಮುಖ್ಯವಾಗಿ ಮೂರು ಸರಕು. ಕೊಟ್ಟೂರು, ಕೂಡ್ಲಿಗಿಗಳ ಹೊಲಗಳಿಂದ ಈರುಳ್ಳಿ. ದಾವಣಗೆರೆಯ ಭಟ್ಟಿಗಳಿಂದ ಹೊಸಪೇಟೆಯ ಅಂಗಡಿಗಳಿಗೆ ಮಂಡಕ್ಕಿ. ಋತುವಿನಲ್ಲಿ ಹಡಗಲಿಯಿಂದ ಮಲ್ಲಿಗೆ. ಈರುಳ್ಳಿ ತೂಕದ ಸರಕು, ಮಂಡಕ್ಕಿ ಗಾತ್ರದ ಸರಕು, ಮಲ್ಲಿಗೆ ಅವಸರದ ಸರಕು. ಈ ಮೂರರ ತಾರತಮ್ಯದಲ್ಲಿಯೇ ಯಂತ್ರಶಾಸ್ತ್ರದ ಒಂದು ಅಧ್ಯಾಯ ಅಡಗಿದೆಯೆಂಬುದು, ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದ ನನಗೂ ಆಗ ಹೊಳೆದಿರಲಿಲ್ಲ.

ಒಂದು ಸಂಜೆ ಅವನು ಜಗಲಿಗೆ ಬಂದು ಕುಳಿತು, ಡೀಸೆಲಿನ ಚೀಟಿಗಳನ್ನು ನನ್ನ ಮುಂದೆ ಹರವಿ ಹೇಳಿದ: "ಎವರೇಜ್ ಕೊಡವಲ್ದು ಮಾವಾ. ಉಜ್ಜಿನಿ ಶಿಖರಕ್ಕ ಎಣ್ಣಿ ಎರದಂಗ ಆತು. ಅಲ್ಲಿ ಪುಣ್ಯನಾರ ಬರ್ತೈತಿ, ಇಲ್ಲಿ ಅದೂ ಇಲ್ಲ." ಉಜ್ಜಿನಿಯ ಮರುಳಸಿದ್ಧೇಶ್ವರನ ಗುಡಿಯ ಶಿಖರಕ್ಕೆ ಪ್ರತಿವರ್ಷವೂ ಭಕ್ತರು ಎಣ್ಣೆಯ ಅಭಿಷೇಕ ಮಾಡುತ್ತಾರೆ, ನೋಡನೋಡುತ್ತಿರುವಂತೆ ಕಲ್ಲಿನ ಮೈಯೆಲ್ಲ ಹೊಳೆದು, ಎಣ್ಣೆ ಧಾರೆಧಾರೆಯಾಗಿ ಕೆಳಗಿಳಿಯುತ್ತದೆ. ಅವನು ಆಗಲೇ ಇಂಜಿನ್ನನ್ನು ಇಬ್ಬರು ಮೇಸ್ತ್ರಿಗಳಿಗೆ ತೋರಿಸಿ, ಫಿಲ್ಟರ್ ಬದಲಿಸಿ, ನಳಿಕೆಗಳನ್ನು ಶುದ್ಧಿಮಾಡಿಸಿ, ಟೈರುಗಳಿಗೆ ಗಾಳಿ ತುಂಬಿಸಿ ಆಗಿತ್ತು. ಉಜ್ಜಿನಿಯ ಹೆಸರು ಬಂದದ್ದರಿಂದ ನನಗೆ ನಮ್ಮ ಕಡೆಯ ಹಳೆಯ ನುಡಿಯೊಂದು ನೆನಪಾಯಿತು: ಹಂಪೆಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು. ಉಜ್ಜಿನಿಯ ಗುಡಿಯ ಸೊಗಸೆಲ್ಲ ಒಳಗಿನ ಕಂಬಗಳಲ್ಲಿಯೂ ಭುವನೇಶ್ವರಿಯಲ್ಲಿಯೂ ಇದ್ದರೆ, ಹಂಪೆಯ ಸಂಪತ್ತು ಬಯಲಲ್ಲಿ ಹರಡಿದೆ. "ನೀನು ಈ ತನಕ ಗಾಡಿಯನ್ನು ಉಜ್ಜಿನಿಯಂತೆ ಒಳಗೆ ನೋಡಿದೆ, ಇನ್ನು ಹಂಪೆಯಂತೆ ಹೊರಗೆ ನೋಡೋಣ" ಎಂದೆ. ವಿಶ್ರಾಂತ ಉಪಾಧ್ಯಾಯನಿಗೆ ಒಬ್ಬ ವಿದ್ಯಾರ್ಥಿ ದೊರೆತನೆಂದರೆ, ಆ ವಿದ್ಯಾರ್ಥಿಯ ಗತಿಯೇನಾಗುವುದೆಂದು ಅನುಭವಿಗಳು ಬಲ್ಲರು.

ಅವನ ಲೆಕ್ಕದ ಪುಸ್ತಕವನ್ನು ತಿರುವುತ್ತಿದ್ದಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಕೂಡ್ಲಿಗಿಯಿಂದ 50ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಹಿಡಿದು ಈರುಳ್ಳಿಯೊಡನೆ ಚಿತ್ರದುರ್ಗದ ಕಡೆ ಹೋದ ದಿನಗಳಿಗಿಂತ, ಅದೇ ಹೆದ್ದಾರಿಯಲ್ಲಿ ಮಂಡಕ್ಕಿಯೊಡನೆ ಹೊಸಪೇಟೆಯ ಕಡೆ ಹೋದ ದಿನಗಳಲ್ಲಿ ಡೀಸೆಲ್ ಹೆಚ್ಚು ಸುಟ್ಟಿತ್ತು! ಈರುಳ್ಳಿಯ ಹೇರು ಒಂದೂವರೆ ಟನ್ನಿನ ಸಮೀಪದ್ದು. ಮಂಡಕ್ಕಿಯ ಹೇರಾದರೋ, ಮೂಟೆಗಳು ಚಾಲಕನ ಕೋಣೆಯ ಮೇಲೆ ಒಂದಾಳು ಎತ್ತರಕ್ಕೆ ಗೋಪುರದಂತೆ ಏರಿದ್ದರೂ, ತೂಕದಲ್ಲಿ ಅದರ ಒಂದು ಸಣ್ಣ ಭಾಗ. ಮಂಡಕ್ಕಿಯನ್ನು ಹಗುರವೆಂದು ನಂಬಿದ್ದ ಲೋಕಕ್ಕೆ ಈ ಲೆಕ್ಕ ಅಪಚಾರವೆನಿಸಬಹುದು. ಕೊಟ್ಟೂರಿನಿಂದ ಕೂಡ್ಲಿಗಿಗೆ ಬರುವ ಒಳದಾರಿಯಲ್ಲಿ, ತಿರುವು, ಉಬ್ಬು, ದನ, ಕುರಿಗಳ ನಡುವೆ ನಿಧಾನವಾಗಿ ಸಾಗುವಾಗ ಈ ವ್ಯತ್ಯಾಸವಿರಲಿಲ್ಲ. ಅಲ್ಲಿ ತೂಕವೇ ರಾಜ. ಹೆದ್ದಾರಿಯ ಸಮತಟ್ಟಿನಲ್ಲಿ ಮುಳ್ಳು 80ನ್ನು ದಾಟಿದಾಗ ಮಾತ್ರ ಮಂಡಕ್ಕಿ ಈರುಳ್ಳಿಯನ್ನು ಸೋಲಿಸುತ್ತಿತ್ತು.

ಗಾಳಿಗೆ ತೂಕವಿಲ್ಲವೆಂದು ನಾವು ಆಡುಮಾತಿನಲ್ಲಿ ಹೇಳುತ್ತೇವೆ. ಒಂದು ಘನ ಮೀಟರ್ ಗಾಳಿ ಸುಮಾರು 1.2 ಕೆ.ಜಿ. ತೂಗುತ್ತದೆ. ಪಿಕಪ್ಪಿನ ಮುಖದ ವಿಸ್ತೀರ್ಣ ಮೂರು ಚದರ ಮೀಟರೆಂದು ಹಿಡಿದರೆ, ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 22 ಮೀಟರ್ ಮುಂದೆ ನುಗ್ಗುತ್ತ, ತನ್ನ ದಾರಿಯಲ್ಲಿ ನಿಂತಿರುವ ಸುಮಾರು 80 ಕೆ.ಜಿ. ಗಾಳಿಯನ್ನು ಪ್ರತಿಯೊಂದು ಸೆಕೆಂಡಿನಲ್ಲಿಯೂ ಅಕ್ಕಪಕ್ಕಕ್ಕೆ ನೂಕಬೇಕಾಗುತ್ತದೆ. ಸೆಕೆಂಡಿಗೆ ಒಂದು ಭಾರಿ ಈರುಳ್ಳಿ ಚೀಲದಂತೆ, ಕೂಡ್ಲಿಗಿಯಿಂದ ಹೊಸಪೇಟೆಯವರೆಗೆ ಚೀಲಗಳನ್ನು ಎತ್ತಿ ಎತ್ತಿ ಬದಿಗೆಸೆಯುವ ಹಮಾಲನೊಬ್ಬನನ್ನು ಊಹಿಸಿಕೊಂಡರೆ ಡೀಸೆಲಿನ ಕಷ್ಟ ಅರ್ಥವಾದೀತು. ಅಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು; ಆದರೆ ವೇಗ ಇಮ್ಮಡಿಯಾದರೆ ಗಾಳಿಯ ಪ್ರತಿರೋಧ ನಾಲ್ಮಡಿಯಾಗುತ್ತದೆ, ಅದನ್ನು ಎದುರಿಸಲು ಇಂಜಿನ್ನು ಪ್ರತಿಕ್ಷಣವೂ ಒದಗಿಸಬೇಕಾದ ಶಕ್ತಿ ಎಂಟುಮಡಿಯಾಗುತ್ತದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂಬ ಗಾದೆ ಈ ಸುಂಕದವನಿಗೂ ಸಲ್ಲುತ್ತದೆ: ಹೇರು ಮಂಡಕ್ಕಿಯೋ, ಬಂಗಾರವೋ, ಬಡವನದೋ, ಬಲ್ಲಿದನದೋ ಎಂದು ಅವನು ಕೇಳುವುದಿಲ್ಲ, ಆಕಾರವನ್ನು ನೋಡುತ್ತಾನೆ, ವೇಗವನ್ನು ನೋಡುತ್ತಾನೆ, ರಸೀತಿಯಿಲ್ಲದೆ ವಸೂಲು ಮಾಡುತ್ತಾನೆ.

ಆಕಾರದ ಪಾಠಕ್ಕೆ ಉಪಕರಣ ಬೇಕಾಗಿತ್ತು. ಅಂಗಳದಲ್ಲಿಯೇ ರಾಶಿ ಬಿದ್ದಿತ್ತು. ಒಂದು ಈರುಳ್ಳಿಯನ್ನು ಕೈಗೆತ್ತಿಕೊಂಡು, ಬೇರಿನ ಕಡೆಯ ಉರುಟು ಭಾಗ ಮುಂದಕ್ಕೂ ಒಣಗಿದ ಕೊರಳು ಹಿಂದಕ್ಕೂ ಬರುವಂತೆ ಅಡ್ಡ ಹಿಡಿದು ತೋರಿಸಿದೆ. ಗಾಳಿಗೆ ಪ್ರಿಯವಾದ ಆಕಾರ ಇದು. ಮುಂದೆ ಮೊಂಡಾಗಿದ್ದರೂ ಅಡ್ಡಿಯಿಲ್ಲ, ಅಂಚುಗಳು ಉರುಟಾಗಿರಬೇಕು, ಹಿಂಭಾಗ ಮಾತ್ರ ಮೆಲ್ಲಮೆಲ್ಲನೆ ಕಿರಿದಾಗುತ್ತ ಮುಗಿಯಬೇಕು. ತುಂಗಭದ್ರೆಯ ಹಿನ್ನೀರಿನ ಮೀನು ಈ ಆಕಾರದ್ದು. ಹಗರಿಬೊಮ್ಮನಹಳ್ಳಿಯ ಬಳಿಯ ಅಂಕಸಮುದ್ರದ ಕೆರೆಗೆ ಬರುವ ಹಕ್ಕಿಗಳು ಹಾರುವಾಗ ತಾಳುವುದು ಈ ಆಕಾರವನ್ನು. ನಮ್ಮ ಸಾಮಾನ್ಯ ಬುದ್ಧಿ ಹೇಳುವುದು ಇದಕ್ಕೆ ತದ್ವಿರುದ್ಧ. ಮುಂದೆ ಬಾಣದಂತೆ ಚೂಪಾಗಿದ್ದರೆ ಸಾಕು, ಹಿಂದೆ ಹೇಗಿದ್ದರೇನು ಎಂದು ನಾವು ಭಾವಿಸುತ್ತೇವೆ. ಸೋದರಳಿಯ ಈರುಳ್ಳಿಯನ್ನು ನೋಡಿದ, ಬಾನೆಟ್ಟು ಮುಂದೆ ಕಿರಿದಾಗಿಯೂ ಡೋರು ಹಿಂದೆ ಗೋಡೆಯಂತೆಯೂ ಇದ್ದ ತನ್ನ ಗಾಡಿಯನ್ನು ನೋಡಿದ, ಬಹಳ ಗಂಭೀರವಾಗಿ ಹೇಳಿದ: "ಹಂಗಾರ ಇನ್ನು ಮ್ಯಾಲೆ ರಿವರ್ಸಿನ್ಯಾಗ ಓಡಸ್ತೀನಿ ಬಿಡು ಮಾವಾ." ನನ್ನ ಸೇವಾವಧಿಯಲ್ಲಿ ಒಬ್ಬ ವಿದ್ಯಾರ್ಥಿಯೂ ನಿಯಮವನ್ನು ಇಷ್ಟು ಬೇಗ ಪ್ರಯೋಗಕ್ಕೆ ಅಳವಡಿಸಿರಲಿಲ್ಲ.

ಅವನ ಪರಿಹಾಸದಲ್ಲಿ ಸತ್ಯಾಂಶವಿಲ್ಲದೆ ಇರಲಿಲ್ಲ. ಗಾಡಿ ಗಾಳಿಯನ್ನು ಸೀಳಿಕೊಂಡು ಹೋದ ಮೇಲೆ, ಹಿಂದೆ ಉಳಿದ ತೆರಪನ್ನು ತುಂಬಲು ಗಾಳಿಗೆ ಸಾವಕಾಶ ಸಿಕ್ಕದೆ, ಅಲ್ಲಿ ಒತ್ತಡ ತಗ್ಗಿ, ಸುಳಿಗಳೆದ್ದು, ಗಾಡಿಯನ್ನು ಹಿಂದಕ್ಕೆ ಸೆಳೆಯುತ್ತವೆ. ಇದಕ್ಕೆ ಸಾಕ್ಷಿ ಬೇಕಾದವರು ಬೇಸಗೆಯಲ್ಲಿ ಗುಡೇಕೋಟೆಯ ಕಡೆಯ ಮಣ್ಣು ದಾರಿಯಲ್ಲಿ ಹೋಗಿಬಂದ ಯಾವುದೇ ಗಾಡಿಯನ್ನು ನೋಡಬಹುದು. ಧೂಳಿಗೆ ಎದುರಾಗಿ ಹೋದ ಮುಂಗನ್ನಡಿ ಒರಸಿದಂತೆ ಸ್ವಚ್ಛವಾಗಿದ್ದು, ಧೂಳಿಗೆ ಬೆನ್ನು ಮಾಡಿದ ಹಿಂದಿನ ಡೋರಿನ ಮೇಲೆ ಬೆರಳಿನಿಂದ ಹೆಸರು ಬರೆಯಬಹುದಾದಷ್ಟು ಕೆಂಪು ಕೂತಿರುತ್ತದೆ. ಸುಳಿಗಳು ಧೂಳನ್ನು ಅಲ್ಲಿಗೆ ಎಳೆದು ತರುತ್ತವೆ. ಓಣಿಯ ಹುಡುಗರು ಅದರ ಮೇಲೆ ಬರೆಯುವ ಅಕ್ಷರಗಳೆಲ್ಲ ವಾಯುವಿಜ್ಞಾನದ ಟಿಪ್ಪಣಿಗಳೇ.

ದೊಡ್ಡವರು ಇದನ್ನೆಲ್ಲ ಸುರಂಗಗಳಲ್ಲಿ ಪರೀಕ್ಷಿಸುತ್ತಾರೆ. ಅಲ್ಲಿ ಮಾದರಿ ನಿಂತಿರುತ್ತದೆ, ಗಾಳಿ ಓಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ವಿಮಾನಶಾಸ್ತ್ರದ ವಿಭಾಗ ತೆರೆದಾಗ ಅದನ್ನು ಕಟ್ಟಿದ ಡಾಕ್ಟರ್ ವಿ. ಎಂ. ಘಾಟಗೆಯವರು, ಜರ್ಮನಿಯ ಗಾಟಿಂಗನ್ನಿನಲ್ಲಿ ಲುಡ್ವಿಗ್ ಪ್ರಾಂಟಲ್ ಅವರ ಶಿಷ್ಯರಾಗಿದ್ದವರು. ವಸ್ತುವಿನ ಮೈಗೆ ಅಂಟಿಕೊಂಡು ಹರಿಯುವ ತೆಳುವಾದ ಗಾಳಿಯ ಪದರ ಎಲ್ಲಿ ಮೈಬಿಡುತ್ತದೆಯೋ ಅಲ್ಲಿಂದ ತೊಂದರೆಗೆ ಆರಂಭವೆಂಬ ತತ್ತ್ವವನ್ನು ಆ ಪ್ರಾಂಟಲ್ಲರು 1904ರಲ್ಲಿಯೇ ಹೇಳಿದ್ದರು. ನಮಗೆ ಸುರಂಗವೆಲ್ಲಿಂದ ಬರಬೇಕು? ಆದರೆ ಗಾಳಿಯನ್ನೇನು ದುಡ್ಡುಕೊಟ್ಟು ತರಬೇಕಾಗಿರಲಿಲ್ಲ, ಆಷಾಢ ಬಂದಿತ್ತು. ಊರಾಚೆಯ ಬಯಲಿನಲ್ಲಿ ಗಾಡಿಯನ್ನು ಪಶ್ಚಿಮಾಭಿಮುಖವಾಗಿ ನಿಲ್ಲಿಸಿ, ನನ್ನ ಹಳೆಯ ಕಂಬಳಿಯ ಅಂಚಿನಿಂದ ಬಿಡಿಸಿದ ಗೇಣುದ್ದದ ಕರಿಯ ಉಣ್ಣೆಯ ಎಳೆಗಳನ್ನು ಅದರ ಮೈಮೇಲೆಲ್ಲ ಸಾಲಾಗಿ ಅಂಟಿಸಿದೆವು. ಬಾನೆಟ್ಟಿನ ಮೇಲಿನ ಎಳೆಗಳು ಬಾಚಿದ ಕೂದಲಿನಂತೆ ಹಿಂದಕ್ಕೆ ಮಲಗಿದುವು. ಮುಂಗನ್ನಡಿಯ ಬುಡದಲ್ಲಿ ಕೊಂಚ ತಡವರಿಸಿದುವು. ಮಾಡಿನ ಮೇಲಿದ್ದ ಕಬ್ಬಿಣದ ಕ್ಯಾರಿಯರಿನ ಸುತ್ತ ಹುಚ್ಚೆದ್ದು ಕುಣಿದುವು. ಹಿಂದಿನ ಡೋರಿನ ಮೇಲಿನವಂತೂ ಗಾಳಿಗೆ ಇದಿರಾಗಿ, ಕೆಳಗಿನಿಂದ ಮೇಲಕ್ಕೆ, ತಮ್ಮ ದಾರಿ ತಮಗೇ ತಿಳಿಯದೆ ತಿರುಗುತ್ತಿದ್ದುವು. ಕುರಿ ಕಾಯುತ್ತಿದ್ದ ಹಿರಿಯನೊಬ್ಬ ಕಂಬಳಿಯ ಕೊಪ್ಪೆ ಹೊದ್ದು, ತಲೆ ತಗ್ಗಿಸಿ, ಕೊಪ್ಪೆಯ ಚುಂಗು ಬೆನ್ನ ಹಿಂದೆ ಇಳಿಬಿದ್ದಿರಲು, ಅದೇ ಗಾಳಿಯನ್ನು ಎದುರಿಸಿ ಆಯಾಸವಿಲ್ಲದೆ ನಡೆದು ಬಂದು, ನಮ್ಮ ಸನ್ನಾಹವನ್ನು ಕಂಡು, ಗಾಡಿಗೆ ದೃಷ್ಟಿಯಾಗಿದೆಯೇ ಎಂದು ವಿಚಾರಿಸಿದ. ಆಕಾರದಲ್ಲಿ ಅವನು ನಮ್ಮ ಗಾಡಿಗಿಂತ ಬಹಳ ಮುಂದುವರಿದಿದ್ದ.

ಮೊದಲು ಬಿಡುವುದು, ಆಮೇಲೆ ಕಟ್ಟುವುದು ಎಂಬ ಕ್ರಮವನ್ನು ನಾವು ಅನುಸರಿಸಿದೆವು. ಮುಂದೆ ಬಿಗಿದಿದ್ದ ಬುಲ್ ಗಾರ್ಡು ಎಂಬ ಕಬ್ಬಿಣದ ಮೀಸೆಯನ್ನು ಮೊದಲು ತೆಗೆಸಿದೆವು. ಪಾದಚಾರಿಗಳಿಗೆ ಅಪಾಯಕರವೆಂದು ಅದರ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ತಿಳಿಸಿತ್ತಾದ್ದರಿಂದ, ಅಲ್ಲಿ ವಿಜ್ಞಾನಕ್ಕೂ ಕಾನೂನಿಗೂ ಏಕಾಭಿಪ್ರಾಯವಿತ್ತು. ಕ್ಯಾರಿಯರಿನ ವಿಷಯ ಅಷ್ಟು ಸುಲಭವಾಗಿರಲಿಲ್ಲ. ಅದರ ಮೇಲೆ ಗುರು ಕೊಟ್ಟೂರೇಶ್ವರನ ಹೆಸರಿನ ಫಲಕವಿತ್ತು; ದೇವರನ್ನು ಇಳಿಸಿ ಡೀಸೆಲ್ ಉಳಿಸುವುದಕ್ಕೆ ಅಕ್ಕ ಒಪ್ಪಲಿಲ್ಲ. ಕೊಟ್ಟೂರಿನ ತೇರು ಊರೆಲ್ಲದರ ಮೇಲೆ ತಲೆಯೆತ್ತಿ ಬರುವುದಾದರೂ ಅದು ಭಕ್ತರ ತೋಳಿನ ಬಲದಿಂದ ಹೆಜ್ಜೆಹೆಜ್ಜೆಯಾಗಿ ಸಾಗುವುದರಿಂದ ಅದಕ್ಕೆ ಗಾಳಿಯ ಸುಂಕವಿಲ್ಲವೆಂದೂ, 80ರ ವೇಗದಲ್ಲಿ ಓಡುವ ತೇರಿಗೆ ಮಾತ್ರ ಶಿಖರ ಸಲ್ಲದೆಂದೂ ನಾನು ವಾದಿಸಿ, ಕಡೆಗೆ ಸ್ವಾಮಿಯ ನಾಮವನ್ನು ಮುಂಗನ್ನಡಿಯ ಮೇಲಂಚಿಗೆ ಬರೆಸಿ ರಾಜಿಯಾದೆವು. ಹಿಂದಿನ ಡೋರನ್ನು ಬಿಚ್ಚಿ ಇಳಿಬಿಟ್ಟರೆ ಗಾಳಿ ಹಾಯ್ದುಹೋಗಿ ಖಾಲಿ ಗಾಡಿ ಹಗುರಾಗಿ ಓಡುತ್ತದೆಂಬುದು ಸೋದರಳಿಯನ ಇನ್ನೊಂದು ನಂಬಿಕೆ. ಎಷ್ಟೋ ಚಾಲಕರ ನಂಬಿಕೆಯೂ ಹೌದು. ವಾಸ್ತವದಲ್ಲಿ ಡೋರು ಮುಚ್ಚಿದ್ದಾಗ ತೊಟ್ಟಿಯೊಳಗೆ ಒಂದು ದೊಡ್ಡ ಸುಳಿ ಉರುಳೆಯಂತೆ ತಿರುಗುತ್ತ ನೆಲಸುತ್ತದೆ. ಮಾಡಿನ ಮೇಲಿಂದ ಬಂದ ಗಾಳಿ ಆ ಸುಳಿಯನ್ನೇ ಹಾಸಿಗೆ ಮಾಡಿಕೊಂಡು ಡೋರಿನಾಚೆಗೆ ಜಾರುತ್ತದೆ. ಡೋರು ತೆರೆದರೆ ಹಾಸಿಗೆ ಹರಿದುಹೋಗುತ್ತದೆ. ಪಿಕಪ್ಪುಗಳ ವಿಷಯದಲ್ಲಿ ವಾಯುಸುರಂಗದ ಪರೀಕ್ಷೆಗಳು ಸಾಮಾನ್ಯವಾಗಿ ಹೇಳಿರುವುದೂ ಇದನ್ನೇ. ಬಾಗಿಲು ಹಾಕಿಕೊಂಡರೆ ಗಾಳಿ ಕಡಮೆಯೆಂಬುದನ್ನು ನಮ್ಮ ಅಜ್ಜಿಯರು ಬೇರೆ ಕಾರಣಕ್ಕಾಗಿ ಹೇಳುತ್ತಿದ್ದರು.

ಇಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಬಂಧಕ್ಕೆ ಅವಕಾಶವಿರುತ್ತಿರಲಿಲ್ಲ. ಬಿಟ್ಟದ್ದಾಯಿತು, ಕಟ್ಟುವ ಚಪಲ ಹತ್ತಿತು. ಅಮೆರಿಕೆಯ ಮರುಭೂಮಿಯ ಅಂಚಿನಲ್ಲಿ, 1970ರ ದಶಕದಲ್ಲಿ, ನಾಸಾ ಸಂಸ್ಥೆಯ ಎಡ್ವಿನ್ ಸಾಲ್ಟ್ಸ್‌ಮನ್ ಎಂಬ ಇಂಜಿನಿಯರು ಸೈಕಲ್ಲಿನ ಮೇಲೆ ಕೆಲಸಕ್ಕೆ ಹೋಗುವಾಗ, ಪಕ್ಕದಲ್ಲಿ ಹಾದ ದೊಡ್ಡ ಲಾರಿಗಳು ಮೊದಲು ತನ್ನನ್ನು ಹೊರಕ್ಕೆ ನೂಕಿ ಮರುಕ್ಷಣವೇ ಒಳಕ್ಕೆ ಸೆಳೆಯುವುದನ್ನು ಗಮನಿಸಿ, ಒಂದು ವ್ಯಾನಿಗೆ ತಗಡನ್ನು ಹೊದಿಸಿ ಪೆಟ್ಟಿಗೆಯಂತೆ ಮಾಡಿ, ಆಮೇಲೆ ಅದರ ಅಂಚುಗಳನ್ನು ಒಂದೊಂದಾಗಿ ಉರುಟುಗೊಳಿಸುತ್ತ ಪರೀಕ್ಷಿಸಿದ ಕಥೆಯನ್ನು ನಾನು ಓದಿದ್ದೆ. ಆ ಸಣ್ಣ ತಿದ್ದುಪಡಿಗಳಿಂದ ಗಾಳಿಯ ಪ್ರತಿರೋಧ ಅರ್ಧಕ್ಕಿಂತಲೂ ಹೆಚ್ಚು ಇಳಿದಿತ್ತು. ಅದಕ್ಕೂ ಮೊದಲು, 1930ರ ದಶಕದಲ್ಲಿ, ಜರ್ಮನಿಯ ವುನಿಬಾಲ್ಡ್ ಕಾಮ್ ಎಂಬವರು ಮೀನಿನ ಬಾಲದಷ್ಟು ಉದ್ದದ ಹಿಂಭಾಗ ಬೇಕಿಲ್ಲ, ಇಳಿಜಾರನ್ನು ಸರಿಯಾಗಿ ಆರಂಭಿಸಿ ನಡುವೆಯೇ ಕತ್ತರಿಸಿಬಿಟ್ಟರೂ ಬಹುಪಾಲು ಲಾಭ ಸಿಕ್ಕುತ್ತದೆಂದು ತೋರಿಸಿಕೊಟ್ಟಿದ್ದರು. ತಗಡು ಸಾಲ್ಟ್ಸ್‌ಮನ್ನರದಾದರೆ, ಪ್ಲೈವುಡ್ಡು ನಮ್ಮದು. ಚಾಲಕನ ಕೋಣೆಯ ಹಿಂದಂಚಿನಿಂದ ಡೋರಿನ ತಲೆಯವರೆಗೆ ಇಳಿಯುವ ಒಂದು ಮಾಡನ್ನು ಬಿದಿರಿನ ದಬ್ಬೆಗಳ ಮೇಲೆ ಕೂರಿಸಿದೆವು. ಇಳಿಜಾರು ಕಡಿದಾದರೆ ಗಾಳಿ ಮೈಬಿಡುತ್ತದೆಂದು ಕಂಬಳಿಯ ಎಳೆಗಳನ್ನು ಮತ್ತೆ ಅಂಟಿಸಿ, ಅವು ಸಮಾಧಾನದಿಂದ ಮಲಗುವವರೆಗೆ ದಬ್ಬೆಗಳನ್ನು ಎರಡೆರಡು ಬೆರಳು ಏರಿಸಿದೆವು, ಇಳಿಸಿದೆವು. ಕೊನೆಯ ಎಳೆ ಮಲಗಿದಾಗ ನನಗಾದ ಸಂತೋಷವನ್ನು ಹೇಳಲಾರೆ. ಮಂಡಕ್ಕಿಯ ಹೇರಿಗೆಂದು ಎಣ್ಣೆಯ ಡ್ರಮ್ಮೊಂದನ್ನು ಸೀಳಿ, ಹಳೆಯ ಸವಾರಿ ಬಂಡಿಗಳ ಕಮಾನಿನಂತೆ ಮುಂದಿನ ಮಾಡಿನ ಮೇಲೆ ನಿಲ್ಲಿಸಿದೆವು.

ಗಾಡಿ ಈ ವೇಷದಲ್ಲಿ ಪೇಟೆಯೊಳಗೆ ಬಂದಾಗ ಕೊಟ್ಟೂರು ತನ್ನ ಮಿರ್ಚಿ ಮಂಡಕ್ಕಿಯನ್ನು ಮರೆತು ನೋಡಿತು. "ಏನ್ರೀ ಮೇಷ್ಟ್ರ, ಗಾಡಿಗೆ ಕುಂಚಿಗಿ ಹಾಕೀರಿ, ಇನ್ನು ತೊಟ್ಟಿಲದಾಗ ಹಾಕೂದು ಯಾವಾಗ?" ಎಂದು ಚಹದಂಗಡಿಯಿಂದ ಒಬ್ಬರು ಕೇಳಿದರು. ಲೋಕದ ಪರಿಹಾಸವನ್ನು ಸಹಿಸದ ಸಂಶೋಧಕನುಂಟೆ? ಟ್ಯಾಂಕು ತುಂಬಿಸಿ, ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ಅದೇ ಮಟ್ಟಕ್ಕೆ ತುಂಬಿಸಿ, ಕಿಲೋಮೀಟರನ್ನು ಲೀಟರಿನಿಂದ ಭಾಗಿಸುವ ಕ್ರಮದಲ್ಲಿ ಹದಿನೈದು ದಿನ ಲೆಕ್ಕವಿಟ್ಟೆವು. ಲೀಟರಿಗೆ ಒಂದು ಕಿಲೋಮೀಟರಿನಷ್ಟು ಹೆಚ್ಚು ಸಿಕ್ಕಿತು. ಆ ದಿನ ಮನೆಯಲ್ಲಿ ಹೋಳಿಗೆಯಾಯಿತು.

ಹೋಳಿಗೆ ಕರಗುವ ಮುನ್ನವೇ ನನ್ನ ವಿದ್ಯಾರ್ಥಿ ಒಂದು ಸಂದೇಹವನ್ನೆತ್ತಿದ. "ಒಂದ್ ಮಾತ್ ಹೇಳ್ಲೇನು ಮಾವಾ? ನಿನ್ನ ಹಲಗಿ ಎಲ್ಲಿ ಹಾರಿ ಹೋಕ್ಕತೋ ಅಂತ ನಾ ಅರವತ್ತರ ಮ್ಯಾಲೆ ಹೊಡದೇ ಇಲ್ಲ." ನಾನು ಮೌನವಾದೆ. 80ರಿಂದ 60ಕ್ಕೆ ಇಳಿದರೆ, ಪ್ಲೈವುಡ್ಡಿರಲಿ, ಬಿಡಲಿ, ಗಾಳಿಯ ಪ್ರತಿರೋಧ ನೂರಕ್ಕೆ 56ಕ್ಕೆ ಇಳಿಯುತ್ತದೆಂಬುದು ಏಳನೆಯ ತರಗತಿಯ ಗುಣಾಕಾರ. ಹಾಗಾದರೆ ಡೀಸೆಲನ್ನು ಉಳಿಸಿದ್ದು ಹಲಗೆಯೋ, ಹಲಗೆಯ ಭಯವೋ? ಇದರ ನಡುವೆ ಅವನು ತನ್ನದೇ ಆದ ಇನ್ನೊಂದು ಉಪಾಯವನ್ನೂ ಬಯಲು ಮಾಡಿದ: ಹೆದ್ದಾರಿಯಲ್ಲಿ ದೊಡ್ಡ ಲಾರಿಯ ಬೆನ್ನಿಗೆ ಅಂಟಿಕೊಂಡು ಹೋದರೆ ಇಂಜಿನ್ನು ಹಗುರಾಗುತ್ತದಂತೆ. ಆಗುತ್ತದೆ, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಓರೆಸಾಲು ಕಟ್ಟಿ ಹಾರುವಾಗ ಮುಂದಿನದರ ರೆಕ್ಕೆಯ ಸುಳಿಯಿಂದ ಹಿಂದಿನದಕ್ಕೆ ಶ್ರಮ ಕಡಮೆಯಾಗುತ್ತದೆ. ಆದರೆ ಮುಂದಿನ ಹೆಬ್ಬಾತು ಹಠಾತ್ತನೆ ಬ್ರೇಕು ಹಾಕುವುದಿಲ್ಲ. ಆ ಉಪಾಯವನ್ನು ಅಂದೇ ಆಣೆಯಿಡಿಸಿ ಬಿಡಿಸಿದೆ.

ಹಲಗೆಯ ಭಯಕ್ಕೂ ಆಧಾರವಿತ್ತು. ಹಗರಿಬೊಮ್ಮನಹಳ್ಳಿಯಿಂದ ಖಾಲಿ ಮರಳುತ್ತಿದ್ದಾಗ, ಎದುರಿನಿಂದ ಒಂದು ಲಾರಿ ಹಾದ ಕ್ಷಣಕ್ಕೆ ಸರಿಯಾಗಿ ಅಡ್ಡಗಾಳಿಯೊಂದು ಬೀಸಿ, ನನ್ನ ಮಾಡು ಬಿದಿರನ್ನು ಮುರಿದುಕೊಂಡು ಮೇಲೆದ್ದು, ಎರಡು ಬಾರಿ ಮಗುಚಿ, ಮೆಕ್ಕೆಜೋಳದ ಹೊಲವೊಂದರಲ್ಲಿ ಇಳಿಯಿತು. ಹೊಲದ ಯಜಮಾನ ಅದನ್ನು ತಲೆಯ ಮೇಲೆ ಹೊತ್ತು ತಂದು, ಇದು ಯಾವ ವಿಮಾನದ್ದೆಂದು ಕೇಳಿದ. ನಾವು ನಕ್ಕೆವು, ಆದರೆ ಆಗ ನಮ್ಮ ಹಿಂದೆ ಬರುತ್ತಿದ್ದ ಮೋಟರ್ ಸೈಕಲ್ಲು, ಅದರ ಮೇಲೆ ಗಂಡ, ಹೆಂಡತಿ, ನಡುವೆ ಒಂದು ಮಗು, ಹತ್ತು ಮಾರು ಈಚೆಗಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದು ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ಕೊಟ್ಟ ರೂಪವನ್ನು ಮನಬಂದಂತೆ ಮಾರ್ಪಡಿಸಕೂಡದೆಂದು ಹೇಳುವುದನ್ನು ನಾನು ಅದುವರೆಗೆ ಜಾಣರ ಮೇಲೆ ಜಡರು ಹೂಡಿದ ನಿರ್ಬಂಧವೆಂದು ತಿಳಿದಿದ್ದೆ. ಆ ಮಗುವಿನ ಮುಖವನ್ನು ಕಂಡ ಮೇಲೆ ಕಲಮಿನ ಭಾಷೆ ನನಗೆ ಬಹಳ ಸ್ಫುಟವಾಗಿ ತೋರಿತು. ಡ್ರಮ್ಮಿನ ಕಮಾನನ್ನೂ ಮರುದಿನವೇ ಇಳಿಸಿದೆವು.

ಉಳಿದುದಿಷ್ಟು. ಕ್ಯಾರಿಯರ್ ಮತ್ತೆ ಮೇಲೇರಲಿಲ್ಲ. ಡೋರು ಮುಚ್ಚಿಯೇ ಇರುತ್ತದೆ. ತಾಡಪತ್ರಿಯನ್ನು ಈಗ ಅವನು ಜೋಳಿಗೆಯಂತೆ ಸಡಿಲವಾಗಿ ಹೊದಿಸದೆ, ಮುಂಗಡೆ ಉರುಟಾಗುವಂತೆ ಮಡಿಚಿ, ಹಗ್ಗವನ್ನು ಮೊಣಕಾಲು ಕೊಟ್ಟು ಬಿಗಿದು, ಬೆರಳಿನಿಂದ ಬಡಿದರೆ ತಮಟೆಯಂತೆ ನುಡಿಯುವ ಹಾಗೆ ಕಟ್ಟುತ್ತಾನೆ. ಪಟಪಟನೆ ಬಡಿದುಕೊಳ್ಳುವ ತಾಡಪತ್ರಿಯ ಒಂದೊಂದು ಬಡಿತವೂ ಡೀಸೆಲಿನಿಂದಲೇ ಆದದ್ದೆಂಬುದು ಅವನಿಗೆ ಮನದಟ್ಟಾಗಿದೆ. ಮಂಡಕ್ಕಿಯ ಮೂಟೆಗಳನ್ನು ಒಂದು ವರಸೆ ಕಡಮೆ ಹೇರಿ, ಹಿಂದಿನ ಸಾಲನ್ನು ಮುಂದಿನದಕ್ಕಿಂತ ತಗ್ಗಿಸುತ್ತಾನೆ. ಮುಳ್ಳು 60ರ ಮೇಲೆ ಏರುವುದು ಒಂದೇ ಸಂದರ್ಭದಲ್ಲಿ. ಹಡಗಲಿಯಲ್ಲಿ ನಸುಕಿನಲ್ಲಿ ಬಿಡಿಸಿದ ಮಲ್ಲಿಗೆ, ಒದ್ದೆ ಬಟ್ಟೆಯೊಳಗೆ ಅರಳುವ ಮೊದಲು ದಾವಣಗೆರೆಯ ಮಾರುಕಟ್ಟೆಯನ್ನು ಮುಟ್ಟಬೇಕಾದಾಗ. ಹೂವಿಗೆ ಅವಸರ ಸಹಜ. ಅದರ ಸುಂಕವನ್ನು ಅವನು ಬಾಡಿಗೆಯಲ್ಲಿಯೇ ಸೇರಿಸಿ ಹೇಳುತ್ತಾನೆ. ಈರುಳ್ಳಿಗೂ ಮಂಡಕ್ಕಿಗೂ ಅಂಥ ಅವಸರವೇನೂ ಇಲ್ಲ, ಅವನ್ನು ಹೇರಿಕೊಂಡ ನಮಗೂ ಬಹುಮಟ್ಟಿಗೆ ಇಲ್ಲ. ಲೆಕ್ಕದ ಪುಸ್ತಕವನ್ನು ಮೊನ್ನೆ ಮತ್ತೆ ತಿರುವಿ ನೋಡಿದೆ. ಹಲಗೆಯಿದ್ದಾಗ ಸಿಕ್ಕಿದ್ದ ಆ ಒಂದು ಕಿಲೋಮೀಟರಿನಲ್ಲಿ ಹೆಚ್ಚುಪಾಲು ಹಲಗೆ ಹೋದ ಮೇಲೂ ಉಳಿದಿದೆ.

ಹಲಗೆಯೂ ವ್ಯರ್ಥವಾಗಲಿಲ್ಲ. ಅಕ್ಕ ಅದನ್ನು ಹಿತ್ತಿಲಿನ ಕೋಳಿಗೂಡಿಗೆ ಮಾಡಾಗಿ ಹಾಕಿಸಿದ್ದಾಳೆ. ಇಳಿಜಾರು ಸರಿಯಾಗಿದೆ, ನೀರು ನಿಲ್ಲುವುದಿಲ್ಲ. ಈ ವರ್ಷದ ಆಷಾಢದಲ್ಲಿ ಓಣಿಯ ಎರಡು ಗೂಡುಗಳ ಮಾಡು ಹಾರಿಹೋದರೂ ನಮ್ಮದು ಅಲುಗಾಡಲಿಲ್ಲ.